ಮಗನ ಐಕ್ಯೂ 92 ಬಂದಿದೆ, ಬುದ್ಧಿ ಕಡಿಮೆ ಅಂತಲೇ?

ಪ್ರಶ್ನೆ: ನಮಸ್ತೆ ಮೇಡಂ. ಮಗನಿಗೆ ಒಂಬತ್ತು ವರ್ಷ. ಓದಿನಲ್ಲಿ ಹಿಂದೆ ಬಿದ್ದಿದ್ದಾನೆ ಅಂತ ಐಕ್ಯೂ ಪರೀಕ್ಷೆ ಮಾಡಿಸಿದೆವು, 92 ಬಂತು. ಅಂದಿನಿಂದ ಮನೆಯಲ್ಲಿ ‘ಇವನ ಬುದ್ಧಿ ಇಷ್ಟೇ’ ಅನ್ನುವ ಮಾತು. ಆದರೆ ಸೈಕಲ್ ಚೈನು ಕಳಚಿದಾಗ ಯಾರೂ ಹೇಳಿಕೊಡದೆ ತಾನೇ ಹಾಕಿಕೊಂಡ. ಬುದ್ಧಿ ಅಂದರೆ ನಿಜವಾಗಿ ಏನು?

ಉತ್ತರ (ಮನಶ್ಶಾಸ್ತ್ರಜ್ಞೆ): ಮೊದಲು ಆ ಮಾತು ಅವನ ಕಿವಿಗೆ ಬೀಳದಂತೆ ನೋಡಿಕೊಳ್ಳಿ. 92 ಸರಾಸರಿ ಮಟ್ಟದ ಒಳಗೇ ಇದೆ. ಈ ಪರೀಕ್ಷೆಗಳಲ್ಲಿ ಆಯಾ ವಯಸ್ಸಿನವರ ಸರಾಸರಿಯನ್ನು 100 ಅಂತ ಇಟ್ಟಿರುತ್ತಾರೆ. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ನಡುವೆ ಬರುತ್ತಾರೆ. ಓರಗೆಯವರ ಸಾಲಿನಲ್ಲಿ ನಿಮ್ಮ ಮಗ ಆ ದಿನ ಎಲ್ಲಿ ನಿಂತ ಅನ್ನುವುದನ್ನಷ್ಟೇ ಅಂಕ ಹೇಳುತ್ತದೆ. ಇನ್ನೊಂದು ದಿನ ಮಾಡಿದರೆ ನಾಲ್ಕೈದು ಅಂಕ ಆಚೀಚೆ ಆಗುವುದು ಸಹಜ.

ಬುದ್ಧಿಗೆ ಎಲ್ಲರೂ ಒಪ್ಪಿದ ವ್ಯಾಖ್ಯೆ ಇಲ್ಲ. ನಾನು ನೆಚ್ಚಿಕೊಂಡಿರುವುದು ಇದು: ಮೊದಲು ಕಾಣದ ತೊಡಕು ಎದುರಾದಾಗ ಅದನ್ನು ಅರ್ಥ ಮಾಡಿಕೊಂಡು, ಗೊತ್ತಿರುವುದನ್ನೇ ಹೊಸ ರೀತಿಯಲ್ಲಿ ಬಳಸಿ ದಾರಿ ಕಂಡುಕೊಳ್ಳುವುದು, ಮುಂದಿನ ಸಲಕ್ಕೆ ಅದರಿಂದ ಕಲಿಯುವುದು. ಆ ಚೈನು ಹಾಕುವಾಗ ಅವನು ಮಾಡಿದ್ದು ಇದನ್ನೇ.

1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಇಂಥ ಮೊದಲ ಪರೀಕ್ಷೆ ರೂಪಿಸಿದ್ದು ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ನೆರವು ಬೇಕು ಅಂತ ಗುರುತಿಸಲು. ಬುದ್ಧಿ ಹುಟ್ಟಿನಿಂದ ಬಂದ, ಬೆಳೆಯದ ಗಂಟು ಅನ್ನುವುದನ್ನು ಬಿನೆ ಕಟುವಾಗಿ ವಿರೋಧಿಸಿದ್ದರು. ನೆರವಿಗೆಂದು ಹುಟ್ಟಿದ ಪರೀಕ್ಷೆಯಿಂದಲೇ ಮಕ್ಕಳಿಗೆ ಹಣೆಪಟ್ಟಿ ಹಚ್ಚುವುದು ನೋಡಿದಾಗ ನನಗೆ ಸಂಕಟವಾಗುತ್ತದೆ.

ಇನ್ನೊಬ್ಬ ಸದಸ್ಯರು: ಬುದ್ಧಿಯಲ್ಲೇ ಏಳೆಂಟು ಬಗೆ ಇವೆಯಂತಲ್ಲ ಮೇಡಂ? ಸಂಗೀತದ್ದು, ದೇಹದ್ದು ಅಂತ?

ಉತ್ತರ: ಅದು 1983ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹೊವರ್ಡ್ ಗಾರ್ಡನರ್ ಮುಂದಿಟ್ಟ ವಿಚಾರ. ಶಿಕ್ಷಕರಿಗೆ ಪ್ರಿಯವಾಯಿತು, ಆದರೆ ಪುರಾವೆ ದುರ್ಬಲ. ಒಂದು ಬಗೆಯ ಪರೀಕ್ಷೆಯಲ್ಲಿ ಚುರುಕಾಗಿರುವವರು ಉಳಿದವುಗಳಲ್ಲೂ ತಕ್ಕಮಟ್ಟಿಗೆ ಚುರುಕಾಗಿರುವುದು 1904ರಲ್ಲೇ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್‌ಗೆ ಕಂಡಿತ್ತು. ಹಾಗಂತ ಒಬ್ಬರೊಳಗೆ ಏರುಪೇರು ಇರುವುದಿಲ್ಲ ಅಂತಲ್ಲ. ಅದಕ್ಕೇ, ಅಮ್ಮ, ನಿಮ್ಮ ವರದಿಯಲ್ಲಿ ಪರೀಕ್ಷೆಯ ಒಂದೊಂದು ಭಾಗಕ್ಕೆ ಬಂದ ಬಿಡಿ ಅಂಕಗಳು ಎಷ್ಟಿವೆ?

ಪ್ರಶ್ನೆ ಕೇಳಿದವರು: ಭಾಷೆಯ ಗ್ರಹಿಕೆ 106, ವೇಗ 77.

ಉತ್ತರ: ಹಾಗಾದರೆ 92ನ್ನು ಪಕ್ಕಕ್ಕಿಡಿ, ಅದು ಈ ಅಂತರವನ್ನೇ ಮುಚ್ಚಿಬಿಟ್ಟಿದೆ. ಅವನಿಗೆ ವಿಷಯ ತಿಳಿಯುತ್ತದೆ, ಬರೆದು ಮುಗಿಸಲು ಹೊತ್ತು ಬೇಕು. ಕಣ್ಣು ಒಮ್ಮೆ ಪರೀಕ್ಷೆ ಮಾಡಿಸಿ. ಬರವಣಿಗೆಯಲ್ಲಿ ತೊಂದರೆ ಇದೆಯೇ ಅಂತ ಪರೀಕ್ಷೆ ಮಾಡಿದವರನ್ನೇ ಕೇಳಿ. ಟೀಚರ್ ಹತ್ತಿರ ಈ ಎರಡು ಅಂಕ ತೋರಿಸಿ, ಉತ್ತರ ಬರೆಯಲು ಹೆಚ್ಚು ಸಮಯ ಕೊಡಿ, ಇಲ್ಲವೇ ಬಾಯಲ್ಲಿ ಕೇಳಿ ನೋಡಿ ಅನ್ನಿ.