ವೆಸ್ಟಾ ತಿರುಗುವ ಅವಧಿ: 5.34 ಗಂಟೆಯೋ, 10.68 ಗಂಟೆಯೋ?

ಪ್ರಶ್ನೆ:
ವೆಸ್ಟಾ ಎಂಬ ಕ್ಷುದ್ರಗ್ರಹದ ಹೊಳಪನ್ನು ಅಳೆದರೆ 5.34 ಗಂಟೆಗೆ ಒಂದೇ ಏರು, ಒಂದೇ ಇಳಿತ. ಕ್ಷುದ್ರಗ್ರಹ ಒಂದು ಸುತ್ತಿಗೆ ಎರಡು ಏರು ತೋರಿಸಬೇಕಲ್ಲವೇ? ಅವಧಿಯನ್ನು ದುಪ್ಪಟ್ಟು ಮಾಡಬೇಕೇ?

ಉತ್ತರ 1:
ಬೇಡ. ಎರಡು ಏರಿನ ಲೆಕ್ಕ ಆಲೂಗಡ್ಡೆಯಂತೆ ಉದ್ದುದ್ದ ಇರುವವಕ್ಕೆ; ಅವುಗಳ ಅಗಲದ ಮಗ್ಗುಲು ಸುತ್ತಿಗೆ ಎರಡು ಸಲ ನಮಗೆ ಎದುರಾಗುತ್ತದೆ. ವೆಸ್ಟಾ ಸುಮಾರು 572×557×446 ಕಿ.ಮೀ.; ಧ್ರುವಗಳಲ್ಲಿ ಚಪ್ಪಟೆ, ನಡುವಿನಲ್ಲಿ ಹೆಚ್ಚುಕಡಿಮೆ ದುಂಡಗೆ. ಅದರ ಒಂದು ಮಗ್ಗುಲು ಇನ್ನೊಂದಕ್ಕಿಂತ ಕಪ್ಪು, ಅದಕ್ಕೇ ಸುತ್ತಿಗೆ ಒಂದೇ ಏರು. ಖಗೋಳಜ್ಞರಲ್ಲೂ ಬಹುಕಾಲ ಇದೇ ಗೊಂದಲವಿತ್ತು. 2011-12ರಲ್ಲಿ ನಾಸಾದ ಡಾನ್ ನೌಕೆ ಹತ್ತಿರದಿಂದಲೇ ನೋಡಿದೆ: 5.34 ಸರಿ.

ಉತ್ತರ 2:
ಏರಿಳಿತ ಬರೀ 0.1 ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ) ಆಸುಪಾಸು, ಹಾಗಾಗಿ ಸಣ್ಣ ತಪ್ಪೂ ಅದನ್ನು ನುಂಗಿಬಿಡುತ್ತದೆ. 16 ಬಿಟ್ ಕ್ಯಾಮೆರಾದಲ್ಲಿ ವೆಸ್ಟಾದ ಪಿಕ್ಸೆಲ್‌ಗಳ ಬೆಳಕಿನ ಎಣಿಕೆ 40,000 ದಾಟದಿರಲಿ. ದಾಟಿದರೆ ಏರಿನ ತುದಿಯೇ ಕತ್ತರಿಸಿದಂತಾಗುತ್ತದೆ. ಹಾಗಂತ ಎಕ್ಸ್‌ಪೋಷರ್ ಅರ್ಧ ಸೆಕೆಂಡಿಗೆ ಇಳಿಸಿದರೆ ಗಾಳಿಯ ಮಿನುಗು ಸೇರಿಕೊಳ್ಳುತ್ತದೆ. ಫೋಕಸ್ ತುಸು ಸಡಿಲಿಸಿ, 10-20 ಚಿತ್ರಗಳ ಸರಾಸರಿ ತೆಗೆಯಿರಿ. ಹೋಲಿಕೆಗೆ ಸೂರ್ಯನ ಬಣ್ಣದ ನಕ್ಷತ್ರವೇ ಬೇಕು. ನೀಲಿ ನಕ್ಷತ್ರ ಹಿಡಿದರೆ, ಅದೂ ವೆಸ್ಟಾವೂ ದಿಗಂತಕ್ಕೆ ಇಳಿಯುವಾಗ ಇಲ್ಲದ ಏರು ಮೂಡುತ್ತದೆ.

ಉತ್ತರ 3:
ಒಂದು ಸೇರಿಕೆ. 1807ರ ಮಾರ್ಚ್ 29ರಂದು ಜರ್ಮನಿಯ ಬ್ರೆಮೆನ್‌ನಲ್ಲಿ ಖಗೋಳಜ್ಞ ಓಲ್ಬರ್ಸ್ ವೆಸ್ಟಾವನ್ನು ಕಂಡಾಗ ಒಡೆದ ಗ್ರಹದ ಚೂರುಗಳನ್ನು ಹುಡುಕುತ್ತಿದ್ದರು. ವೆಸ್ಟಾ ಚೂರಲ್ಲ, ಕಬ್ಬಿಣದ ತಿರುಳು, ಮೇಲೆ ಬಸಾಲ್ಟ್ (ಲಾವಾ ಗಟ್ಟಿಯಾದ ಕಲ್ಲು) ಚಿಪ್ಪು ಇರುವ ಪುಟ್ಟ ಜಗತ್ತು.