ಆಸ್ಟ್ರೇಲಿಯಾದ ಪಾಪ್ ಗಾಯಕಿ ಕೈಲಿ ಮಿನೋಗ್ ಅವರ 'ಇಂಪಾಸಿಬಲ್ ಪ್ರಿನ್ಸೆಸ್' ಆಲ್ಬಮ್ ಯಾರಾದರೂ ಕೇಳಿದ್ದೀರಾ?

ವಿರಾಜಪೇಟೆ_ಕಾಫಿ: ಜಡಿಮಳೆ, ತೋಟದ ಕೆಲಸ ನಿಂತಿದೆ, ಹಾಡು ಕೇಳುವುದೇ ಜಾಸ್ತಿ ಆಗಿದೆ. ಕೈಲಿ ಅಂದರೆ ನನಗೆ ಗೊತ್ತಿದ್ದದ್ದು 2001ರ ಆ 'ಲಾ ಲಾ ಲಾ' ಹಾಡು ಮಾತ್ರ. ಗೋಣಿಕೊಪ್ಪದ ಗೆಳೆಯ ಈ ಆಲ್ಬಮ್ ಕಳಿಸಿದ. ಎರಡು ಹಾಡು ಕೇಳಿದೆ, ಬೇರೆ ಯಾರೋ ಹಾಡಿದ ಹಾಗಿದೆ. ಇಷ್ಟು ಚೆನ್ನಾಗಿದ್ದೂ ಇದರ ಹೆಸರು ಯಾಕೆ ಯಾರ ಬಾಯಲ್ಲೂ ಇಲ್ಲ?

ಸೋಮವಾರಪೇಟೆ_ಕ್ಯಾಸೆಟ್: ನನ್ನ ಪ್ರಕಾರ ಅವರ ಅತ್ಯುತ್ತಮ ಆಲ್ಬಮ್ ಇದೇ. ಶುರುವಿನ ವರ್ಷಗಳಲ್ಲಿ ಸ್ಟಾಕ್, ಏಟ್ಕಿನ್, ವಾಟರ್‌ಮನ್ ತಂಡ ಹಾಡು ಬರೆದು ಕೊಡುತ್ತಿತ್ತು, ಇವರು ಬಂದು ಹಾಡಿ ಹೋಗುತ್ತಿದ್ದರು. 1995ರಲ್ಲಿ ರಾಕ್ ಗಾಯಕ ನಿಕ್ ಕೇವ್ ಜೊತೆ ಒಂದು ಯುಗಳಗೀತೆ ಹಾಡಿದರು. ಮರುವರ್ಷ ಕೇವ್ ಅವರೇ ಒತ್ತಾಯ ಮಾಡಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕೈಲಿಯ ಹಳೇ ಹಿಟ್ ಹಾಡನ್ನು ಸಂಗೀತ ಇಲ್ಲದೆ ಸುಮ್ನೆ ಕವಿತೆಯ ಹಾಗೆ ಓದಿಸಿದರು. ಅಂಥ ಧೈರ್ಯ ಬಂದ ಮೇಲೆ ಮಾಡಿದ ಆಲ್ಬಮ್ ಇದು. ಪ್ರತಿ ಹಾಡಿನ ರಚನೆಯಲ್ಲೂ ಅವರ ಹೆಸರಿದೆ. 'ಟೂ ಫಾರ್' ಕೇಳಿ, ಉಸಿರು ಕಟ್ಟಿದ ಹಾಗೆ ಮಾತು ಒಂದರ ಮೇಲೊಂದು ಬರುತ್ತದೆ, ಹಿಂದೆ ಡ್ರಮ್ ಓಡುತ್ತಾ ಇರುತ್ತದೆ, ಸಿಹಿ ನಗುವಿನ ಹಳೇ ಕೈಲಿ ಅಲ್ಲಿ ಎಲ್ಲೂ ಇಲ್ಲ. ಸ್ವಂತ ಭಯವನ್ನು ಸ್ವಂತ ಮಾತಲ್ಲಿ ಹೇಳುತ್ತಾರೆ, ನನಗೆ ಅದೇ ದೊಡ್ಡದು.

ಗ್ರಹಚಾರ ನೋಡಿ. 1997ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ತೀರಿಕೊಂಡರು. 'ಪ್ರಿನ್ಸೆಸ್' ಅನ್ನುವ ಹೆಸರು ಬ್ರಿಟನ್ನಿನಲ್ಲಿ ಇಡುವ ಹಾಗಿರಲಿಲ್ಲ. 1998ರ ಮಾರ್ಚ್‌ನಲ್ಲಿ ಬರೀ 'ಕೈಲಿ ಮಿನೋಗ್' ಅಂತ ಬಿಡುಗಡೆ ಮಾಡಿದರು. ಅಷ್ಟರಲ್ಲಿ ಆಲ್ಬಮ್ಮಿನಿಂದ ಬಿಡಿಯಾಗಿ ಬಂದ ಮೊದಲ ಹಾಡು (ಸಿಂಗಲ್) ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 22ನೇ ಸ್ಥಾನಕ್ಕೇ ನಿಂತಿತ್ತು, ಪತ್ರಿಕೆಗಳು 'ಇಂಡೀ ಕೈಲಿ' (ಇಂಡೀ ಅಂದರೆ ದೊಡ್ಡ ಕಂಪನಿಗಳ ಹೊರಗಿನ ರಾಕ್ ಶೈಲಿ) ಅಂತ ಆಡಿಕೊಂಡಿದ್ದವು.

ಪೊನ್ನಂಪೇಟೆ_ಹುಡುಗಿ: ಡಯಾನಾ ಒಂದೇ ಕಾರಣ ಅಲ್ಲ ಅನಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಹೆಸರು ಬದಲಾಗಲಿಲ್ಲ, ಅಲ್ಲಿ 4ನೇ ಸ್ಥಾನಕ್ಕೆ ಹೋಯಿತು. ಬ್ರಿಟನ್ನಿನಲ್ಲೂ 10ರ ಒಳಗೇ ಇತ್ತು. ಜನ ಅವರಿಂದ ಕುಣಿಯುವ ಹಾಡು ಮಾತ್ರ ಕೇಳಲು ಬಯಸಿದ್ದರು ಅಲ್ವಾ? 2000ದಲ್ಲಿ ಡಿಸ್ಕೋಗೆ ಮರಳಿದ ಕೂಡಲೇ ಎಲ್ಲರೂ ಓಡಿ ಬಂದರು. ಒಬ್ಬ ಹೆಣ್ಣುಮಗಳು ಬೆಳೆದದ್ದನ್ನು ಒಪ್ಪಿಕೊಳ್ಳಲು ಇಷ್ಟು ತಡವೇ ಅಂತ ನನಗೆ ನಿಜಕ್ಕೂ ಬೇಜಾರು.

ವಿರಾಜಪೇಟೆ_ಕಾಫಿ: ಇಬ್ಬರಿಗೂ ಥ್ಯಾಂಕ್ಸ್. 'ಟೂ ಫಾರ್' ಈಗ ಕೇಳಿದೆ, ಮೈ ಜುಮ್ ಅಂತು. ಮುಂದೆ ಯಾವುದು?

ಸೋಮವಾರಪೇಟೆ_ಕ್ಯಾಸೆಟ್: 'ಲಿಂಬೋ', ಆಮೇಲೆ 'ಬ್ರೀದ್'. ಇಯರ್‌ಫೋನ್ ಹಾಕಿಯೇ ಕೇಳಿ, ಶೀಟಿನ ಮೇಲೆ ಮಳೆ ಬೀಳುತ್ತಿದ್ದರೆ 'ಬ್ರೀದ್'ನ ಸಣ್ಣ ಸಣ್ಣ ಸದ್ದು ಒಂದೂ ಸಿಗುವುದಿಲ್ಲ. 1998ರ 'ಇಂಟಿಮೇಟ್ ಅಂಡ್ ಲೈವ್' ಪ್ರವಾಸದ ರೆಕಾರ್ಡಿಂಗ್ ಕೂಡ ಹುಡುಕಿ, ಇದೇ ಹಾಡುಗಳು ಅಲ್ಲಿ ಇನ್ನೂ ಗಟ್ಟಿಯಾಗಿವೆ.