ಕ್ವೆಸ್ಟ್ 3 ಹಾಕಿಕೊಂಡರೆ ಹೊಟ್ಟೆ ತೊಳಸುತ್ತದೆ, ಏನು ಮಾಡಲಿ?

ವಿಜಯಪುರದ ಹುಡುಗ: ದುಬೈಯಿಂದ ಕಾಕಾ ಮೆಟಾ ಕ್ವೆಸ್ಟ್ 3 ತಂದುಕೊಟ್ಟರು, ಕಣ್ಣಿಗೆ ಕಟ್ಟಿಕೊಂಡು ಗೇಮ್ ಆಡುವ ವಿಆರ್ ಹೆಡ್‌ಸೆಟ್. ಚಿತ್ರ ಭಾರಿ ಚೆನ್ನಾಗಿದೆ, ಗೋಳಗುಮ್ಮಟದೊಳಗೆ ನಿಂತು ತಲೆ ಎತ್ತಿದಂಥ ಎತ್ತರ ನಮ್ಮ ಪಡಸಾಲೆಯಲ್ಲೇ ಕಾಣುತ್ತದೆ. ಆದರೆ ಕಾರ್ ಗೇಮ್ ಹಚ್ಚಿದರೆ ವಾಕರಿಕೆ, ಅಕ್ಷರಗಳೂ ಮಸುಕು. ನಿಮಗೂ ಹೀಗೇ ಆಗಿತ್ತಾ?

ಬೆಳಗಾವಿ ಗೇಮರ್: ಕಾರ್ ಗೇಮ್ ಈಗಲೇ ಬೇಡ ತಮ್ಮಾ. ಕಣ್ಣು ಓಡುತ್ತಿದ್ದೇವೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಭಾಗ ಸುಮ್ನೆ ಕೂತಿದ್ದೇವೆ ಅನ್ನುತ್ತದೆ, ಆ ಜಗಳಕ್ಕೇ ವಾಕರಿಕೆ ಬರುವುದು. ಮೊದಲು ಬೀಟ್ ಸೇಬರ್ ಥರ ನಿಂತಲ್ಲೇ ಆಡುವಂಥದ್ದು ಆಡು, ತಲೆ ಸುತ್ತಿದ ಕೂಡಲೇ ತೆಗೆದಿಡು. ಹಟ ಮಾಡಿದರೆ ಜಾಸ್ತಿಯಾಗುತ್ತದೆ. ಅಕ್ಷರ ಮಸುಕಾದರೆ ಹೆಡ್‌ಸೆಟ್ ಕೆಳಗಿರುವ ಸಣ್ಣ ಚಕ್ರ ತಿರುಗಿಸು, ಲೆನ್ಸ್‌ಗಳ ಅಂತರ ನಿನ್ನ ಕಣ್ಣಿಗೆ ಹೊಂದುತ್ತದೆ.

ಬಾಗಲಕೋಟೆಯಿಂದ: 515 ಗ್ರಾಂ ಭಾರ ಮುಖದ ಮೇಲೇ ಕೂರುತ್ತದೆ, ಹಿಂದಿನ ಪಟ್ಟಿ ಸರಿಯಾಗಿ ಬಿಗಿಯಿರಿ. ಬ್ಯಾಟರಿ ಸುಮಾರು 2 ಗಂಟೆ. ಇನ್ನೊಂದು, ನಮ್ಮ ಕಡೆ ಬಿಸಿಲು ಗೊತ್ತಲ್ವಾ, ಕಿಟಕಿ ಹತ್ತಿರ ಇಡಲೇಬೇಡಿ. ಲೆನ್ಸ್ ಮೇಲೆ ನೇರ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟುಹೋಗುತ್ತದೆ.

ವಿಜಯಪುರದ ಹುಡುಗ: ಚಕ್ರ ತಿರುಗಿಸಿದೆ, ಅಕ್ಷರ ಸರಿಯಾಯ್ತು! ಈಗ ಅವ್ವ ಹಾಕಿಕೊಂಡು ಕೂತಿದ್ದಾಳೆ, ವಾಪಸ್ ಕೊಡುತ್ತಿಲ್ಲ.